ಏರಿದ್ದಾಯ್ತು, ಇಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಚಿಯರ್‌ಲೀಡಿಂಗ್ ಜೋಡಿಯಲ್ಲಿ ನಾನು ಬೇಸ್, ಅಂದರೆ ಕೆಳಗೆ ನಿಂತು ಎತ್ತುವವನು; ನನ್ನ ಜೊತೆಗಾತಿ ಫ್ಲೈಯರ್, ಮೇಲೆ ನಿಲ್ಲುವವಳು. ತಲೆಯ ಮೇಲೆ ಕೈ ಪೂರ್ತಿ ಚಾಚಿ ಅವಳನ್ನು ನಿಲ್ಲಿಸುವ ಎಕ್ಸ್‌ಟೆನ್ಶನ್ ಈಗ ಅಲುಗಾಡದೆ ನಿಲ್ಲುತ್ತಿದೆ. ಆದರೆ ಇಳಿಸುವ ಹೊತ್ತಿಗೆ ಇಬ್ಬರಿಗೂ ಎದೆ ಢವಗುಟ್ಟುತ್ತದೆ. ನೇರವಾಗಿ ನೆಲಕ್ಕೆ ಇಳಿಸುವುದು ಒಳ್ಳೆಯದೋ, ಕ್ರೇಡಲ್ ಮಾಡಿ ತೋಳಲ್ಲಿ ಹಿಡಿಯುವುದೋ? ಸ್ಟಂಟ್ ಚೆನ್ನಾಗಿ ನಿಂತ ಮೇಲೂ, ಬಿದ್ದರೆ ಹಿಡಿಯಲು ಹತ್ತಿರ ನಿಲ್ಲುವ ಸ್ಪಾಟರ್ ಬೇಕೇ?

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬೇಕು. ಮೇಲೆ ನಿಂತಿರುವಷ್ಟು ಹೊತ್ತು ಅವಳ ಪಾದ ನಿಮ್ಮ ಅಂಗೈಯಲ್ಲಿರುತ್ತದೆ. ಇಳಿಯುವಾಗ ಒಂದರೆಗಳಿಗೆ ಅವಳು ಯಾರ ಕೈಯಲ್ಲೂ ಇರುವುದಿಲ್ಲ. ಎದೆ ಢವಗುಟ್ಟುವುದು ಅದಕ್ಕೇ, ಮತ್ತು ಆ ಹೆದರಿಕೆ ಸರಿಯಾಗಿಯೇ ಇದೆ.

ಸ್ವಲ್ಪ ಲೆಕ್ಕ ಹಾಕೋಣ. ಬೇಸ್ ಸಾಧಾರಣ ಎತ್ತರದವನಾದರೆ ಎಕ್ಸ್‌ಟೆನ್ಶನ್‌ನಲ್ಲಿ ಫ್ಲೈಯರ್ ಪಾದ ನೆಲದಿಂದ ಸುಮಾರು 2 ಮೀಟರ್ ಮೇಲಿರುತ್ತದೆ. ಅಲ್ಲಿಂದ ಸುಮ್ಮನೆ ಬಿದ್ದರೂ ನೆಲ ಮುಟ್ಟಲು ಬೇಕಾಗುವುದು 0.64 ಸೆಕೆಂಡು. ಮುಟ್ಟುವಾಗಿನ ವೇಗ ಗಂಟೆಗೆ 22 ಕಿಲೋಮೀಟರ್‌ಗೂ ಹೆಚ್ಚು. ಬೀಳುತ್ತಿರುವುದನ್ನು ನೋಡಿ, ಯೋಚಿಸಿ, ಆಮೇಲೆ ಕೈ ಚಾಚುವಷ್ಟು ಸಮಯ ಇದರಲ್ಲಿಲ್ಲ. ಕೈ ಮೊದಲೇ ಅಲ್ಲಿರಬೇಕು.

ನಿಮ್ಮ ಹಂತಕ್ಕೆ ಒಗ್ಗುವುದು ನೇರ ಇಳಿತ, ಅಂದರೆ ಪಾಪ್ ಡೌನ್. ಅದನ್ನೂ ಎಕ್ಸ್‌ಟೆನ್ಶನ್‌ನಿಂದ ಒಂದೇ ಏಟಿಗೆ ಮಾಡಬೇಡಿ. ಮೊದಲು ಅವಳನ್ನು ಭುಜದ ಮಟ್ಟಕ್ಕೆ ತನ್ನಿ, ಒಂದು ಎಣಿಕೆ ನಿಲ್ಲಿಸಿ, ಅಲ್ಲಿಂದ ಪಾಪ್ ಮಾಡಿ. ನೋಡುವವರಿಗೆ ಎರಡು ತುಂಡಾಗಿ ಕಾಣುತ್ತದೆ, ಕಾಣಲಿ ಬಿಡಿ.

ಪಾಪ್ ಡೌನ್‌ನ ಗುಟ್ಟು ಇರುವುದು ಸೊಂಟ ಹಿಡಿಯುವುದರಲ್ಲಿ. ಬೇಸ್ ಮಂಡಿ ತುಸು ಬಾಗಿಸಿ ಎದ್ದು ಅವಳ ಪಾದವನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಅವಳು ಕಾಲು ಜೋಡಿಸಿಕೊಂಡು ಕಂಬದಂತೆ ಬಿಗಿಯಾಗಿ ನೇರ ಕೆಳಗೆ ಬರುತ್ತಾಳೆ. ಆಗ ಬಹುತೇಕ ಹೊಸಬರು ಕೈಯನ್ನು ಎದೆಯ ಹತ್ತಿರ ತಂದು ಕಾಯುತ್ತಾರೆ. ತಪ್ಪಾಗುವುದೇ ಇಲ್ಲಿ. ಫ್ಲೈಯರ್ ಸೊಂಟ ಅವಳ ಪಾದಕ್ಕಿಂತ ಹೆಚ್ಚುಕಡಿಮೆ ಒಂದು ಮೀಟರ್ ಮೇಲಿರುತ್ತದೆ. ನಿಮ್ಮ ಕೈ ತಲೆಯ ಮೇಲೆ ಪೂರ್ತಿ ಚಾಚಿದ್ದರೆ ಸೊಂಟ ಸಿಗುವಾಗ ಪಾದ ಇನ್ನೂ ನೆಲದಿಂದ ಒಂದು ಮೀಟರ್ ಮೇಲಿರುತ್ತದೆ. ವೇಗ ಇಳಿಸಲು ಅಷ್ಟೂ ದೂರ ನಿಮ್ಮದು. ಕೈ ಎದೆಮಟ್ಟದಲ್ಲಿದ್ದರೆ ಉಳಿಯುವುದು ಒಂದಡಿ ಮಾತ್ರ. ಒಂದು ಮೀಟರ್ ಬಿದ್ದವಳನ್ನು ಇನ್ನೊಂದು ಮೀಟರ್‌ನಲ್ಲಿ ತಡೆಯಲು ಸರಾಸರಿ ಅವಳ ತೂಕದ ಎರಡು ಪಟ್ಟು ಬಲ ಸಾಕು. ಕೈ ಎದೆಮಟ್ಟದಲ್ಲಿದ್ದರೆ ಸಿಗುವ ಹೊತ್ತಿಗೆ ಅವಳು ಇನ್ನಷ್ಟು ಬಿದ್ದಿರುತ್ತಾಳೆ, ಉಳಿದ ಒಂದಡಿಯಲ್ಲಿ ತಡೆಯಲು ಆರು ಪಟ್ಟಿಗೂ ಮೇಲೆ ಬೇಕು. ಅದು ನಿಮ್ಮ ಬೆನ್ನಿಗೋ ಅವಳ ಮಂಡಿಗೋ ಹೋಗುತ್ತದೆ.

ಆದ್ದರಿಂದ ಪಾದ ಬಿಟ್ಟ ಕೈ ಕೆಳಗಿಳಿಯದೆ ಮೇಲೇ ಕಾಯಲಿ. ಕಣ್ಣು ಅವಳ ಸೊಂಟದ ಮೇಲಿರಲಿ. ಹಿಡಿದ ಮೇಲೆ ತೋಳು, ಸೊಂಟ, ಮಂಡಿ ಮೂರೂ ಒಟ್ಟಿಗೆ ಬಾಗುತ್ತ ಅವಳ ಜೊತೆ ಕೆಳಗೆ ಬನ್ನಿ. ಅವಳೂ ಮಂಡಿ ಬಾಗಿಸಿ ಇಳಿಯಬೇಕು, ಆದರೆ ನೆಲ ಸಿಕ್ಕ ಮೇಲೆ. ಮೇಲಿರುವಾಗಲೇ ಮಂಡಿ ಬಾಗಿಸಿದರೆ ನಿಮ್ಮ ಚಿಮ್ಮು ಅವಳ ಕಾಲಲ್ಲೇ ಸತ್ತುಹೋಗುತ್ತದೆ. ಫ್ಲೈಯರ್‌ಗೆ ಇನ್ನೆರಡು ಮಾತು: ಕೆಳಗೆ ನೋಡಬೇಡಿ, ನೋಡಿದರೆ ಸೊಂಟ ಹಿಂದಕ್ಕೆ ಹೋಗಿ ಬೇಸ್‌ನ ಮುಖಕ್ಕೆ ಬಡಿಯುತ್ತದೆ. ಬೀಳುತ್ತಿದ್ದೇನೆ ಅನ್ನಿಸಿದಾಗ ಕೈ ಹಿಂದಕ್ಕೆ ಊರಬೇಡಿ, ಮಣಿಕಟ್ಟು ಮೊಣಕೈ ಮುರಿಯುವುದು ಹಾಗೆಯೇ.

ಕ್ರೇಡಲ್‌ನಲ್ಲಿ ಅವಳು ಚಿಮ್ಮಿದ ತುತ್ತತುದಿಯಲ್ಲಿ ಕಾಲೆತ್ತಿ ಮೈಯನ್ನು ವಿ ಆಕಾರಕ್ಕೆ ತಂದು ಕೈ ಅಗಲಿಸಿ ತೋಳತೊಟ್ಟಿಲಿಗೆ ಬೀಳುತ್ತಾಳೆ. ಕಾಲಿಗೆ ಏಟಿಲ್ಲ, ನೋಡಲು ಚೆಂದ. ಆದರೆ ಬೆನ್ನು ನೆಲದ ಕಡೆಗಾಗಿ ಬರುತ್ತದೆ, ಅಂದರೆ ಪಣಕ್ಕಿಟ್ಟಿರುವುದು ತಲೆ ಮತ್ತು ಕುತ್ತಿಗೆ. ಸ್ಪರ್ಧಾ ನಿಯಮ ಇದನ್ನು ಸಡಿಲ ಬಿಟ್ಟಿಲ್ಲ. ಒಬ್ಬನೇ ಬೇಸ್ ಇರುವ ಸ್ಟಂಟ್‌ನಿಂದ ಕ್ರೇಡಲ್ ಮಾಡುವಾಗ ಪ್ರತ್ಯೇಕ ಸ್ಪಾಟರ್ ಇರಲೇಬೇಕು, ಅವರ ಒಂದು ಕೈಯಾದರೂ ಫ್ಲೈಯರ್‌ನ ಸೊಂಟದಿಂದ ಭುಜದ ನಡುವಿನ ಭಾಗಕ್ಕೆ ಆಸರೆಯಾಗಬೇಕು. ಇಬ್ಬರೇ ಮಾಡುವ ಕ್ರೇಡಲ್ ಅಭ್ಯಾಸದಲ್ಲೂ ಬೇಡ ಎಂಬುದು ನನ್ನ ಹಟ. ಕಲಿಯುವಾಗ ಸೊಂಟದ ಎತ್ತರದಿಂದ, ಮ್ಯಾಟ್ ಮೇಲೆ ಶುರು ಮಾಡಿ.

ನೆಲಕ್ಕೆ ಇಳಿಯುವುದಕ್ಕೂ ನಿಯಮವಿದೆ. ಮೂಲ ಬೇಸ್ ಅಥವಾ ಸ್ಪಾಟರ್ ಹಿಡಿದೇ ಇಳಿಸಬೇಕು. ಸೊಂಟದ ಮಟ್ಟ ಅಥವಾ ಅದಕ್ಕೂ ಕೆಳಗಿನಿಂದ ಪುಟ್ಟದಾಗಿ ನೇರ ಜಿಗಿಯುವುದಕ್ಕಷ್ಟೇ ವಿನಾಯಿತಿ. ಗಿರಕಿ ಹೊಡೆದು ಇಳಿಯುವ ಫುಲ್ ಡೌನ್, ಡಬಲ್ ಡೌನ್ ಸದ್ಯಕ್ಕೆ ನಿಮ್ಮ ಮಾತಲ್ಲ. ಸ್ಪರ್ಧೆಯ ಕೆಳಗಿನ ಲೆವೆಲ್‌ಗಳಲ್ಲಿ ಅವಕ್ಕೆ ಅವಕಾಶವೇ ಇಲ್ಲ, ಮತ್ತು ಗಿರಕಿಯಲ್ಲಿ ಬಿಚ್ಚಿಕೊಂಡ ಮೊಣಕೈ ಬೇಸ್‌ನ ಮೂಗನ್ನೇ ಹುಡುಕಿಕೊಂಡು ಬರುತ್ತದೆ.

ಇನ್ನು ಸ್ಪಾಟರ್. ಈ ಕೆಲಸವನ್ನು ತಂಡದಲ್ಲಿ ಕೈ ಖಾಲಿ ಇರುವವರಿಗೆ ಕೊಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸ್ಪಾಟರ್ ಇರುವುದು ಫ್ಲೈಯರ್‌ನ ತಲೆ, ಕುತ್ತಿಗೆ, ಬೆನ್ನು, ಭುಜ ಕಾಯಲು. ಸ್ಪರ್ಧೆಯಲ್ಲಿ ಅವರು ಅದೇ ತಂಡದವರಾಗಿರಬೇಕು, ತರಬೇತಿ ಪಡೆದಿರಬೇಕು. ಸ್ಟಂಟ್‌ನ ಹಿಂದೆ ಅಥವಾ ಪಕ್ಕದಲ್ಲಿ ನಿಲ್ಲಬೇಕು, ಮುಂಡವನ್ನು ಸ್ಟಂಟ್‌ನ ಅಡಿಗೆ ತರುವಂತಿಲ್ಲ. ಬೇಸ್‌ನ ಮಣಿಕಟ್ಟನ್ನೋ ಫ್ಲೈಯರ್‌ನ ಕಣಕಾಲನ್ನೋ ಹಿಡಿಯಬಹುದು, ಏನನ್ನೂ ಮುಟ್ಟದೆಯೂ ಇರಬಹುದು. ಎರಡೂ ಕೈಯನ್ನು ಅವಳ ಪಾದದಡಿ ಇಡುವಂತಿಲ್ಲ, ಇಟ್ಟರೆ ಅವರು ಇನ್ನೊಬ್ಬ ಬೇಸ್ ಆದಂತೆ.

ಹಿಂದೆ ಯಾಕೆ ನಿಲ್ಲಬೇಕು? ಮುಂದಕ್ಕೆ ಬಿದ್ದರೆ ಬೇಸ್ ಅವಳನ್ನು ನೋಡುತ್ತಲೇ ಬೆನ್ನಟ್ಟಬಹುದು. ತನ್ನ ತಲೆಯ ಮೇಲಿಂದ ಹಿಂದಕ್ಕೆ ಬಿದ್ದವಳನ್ನು ಅವನು ಹಿಡಿಯಲಾರ.

ನಾನು ಸ್ಪಾಟರ್ ಆಗಿದ್ದ ಮೊದಲ ದಿನಗಳಲ್ಲಿ ಒಮ್ಮೆ ಫ್ಲೈಯರ್‌ನ ಹಿಮ್ಮಡಿ ಬೇಸ್‌ನ ಕೈಯಿಂದ ಜಾರಿತು. ನಾನು ಕಣಕಾಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ, ಬೀಳದಿರಲಿ ಎಂದು. ಕಾಲು ಮೇಲೇ ಉಳಿಯಿತು, ಮೈ ತಿರುಗಿ ತಲೆ ಕೆಳಕ್ಕೆ ಬಂತು. ಬೇಸ್ ಹೇಗೋ ಅವಳ ತೋಳು ಸೆಳೆದುಕೊಂಡ, ಭುಜ ಉಳುಕಿದ್ದರಲ್ಲಿ ಮುಗಿಯಿತು. ಜಾರಿದ ಕ್ಷಣವೇ ಕಾಲು ಬಿಟ್ಟು ಒಂದು ಹೆಜ್ಜೆ ಒಳಕ್ಕೆ ಹೋಗಿ, ಕೈ ಮೇಲೆತ್ತಿ ಕಂಕುಳನ್ನೋ ಸೊಂಟವನ್ನೋ ಹಿಡಿಯಬೇಕಿತ್ತು. ಒಳಕ್ಕೆ, ಹಿಂದಕ್ಕಲ್ಲ. ಬೀಳುತ್ತಿರುವುದನ್ನು ಕಂಡರೆ ಮೈ ತಾನಾಗಿ ಹಿಂದೆ ಸರಿಯುತ್ತದೆ, ಆ ಚಾಳಿ ಬಿಡಿಸುವುದೇ ಅರ್ಧ ತರಬೇತಿ. ಈಗ ನಾನು ಹೊಸ ಸ್ಪಾಟರ್‌ಗಳಿಗೆ ಸ್ಟಂಟ್ ಇಲ್ಲದೆಯೇ ಆ ಒಂದು ಹೆಜ್ಜೆಯನ್ನು ಹತ್ತಾರು ಸಲ ಹಾಕಿಸುತ್ತೇನೆ.

ಮೂವರಿಗೂ ಒಂದೇ ಪದ ಗೊತ್ತಿರಲಿ, ನಮ್ಮಲ್ಲಿ ಅದು "ಡೌನ್". ಮೂವರಲ್ಲಿ ಯಾರಿಗೆ ಅನುಮಾನ ಬಂದರೂ ಕೂಗಬಹುದು, ಕೂಗಿದ ಮೇಲೆ ಚರ್ಚೆಯಿಲ್ಲ. ಫ್ಲೈಯರ್ ಮಾತ್ರ ಹೇಳದೆ ಕೇಳದೆ ತಾನೇ ಹಾರಿಬಿಡುವಂತಿಲ್ಲ, ಅವಳು ಯಾವ ಕಡೆಗೆ ಬರುತ್ತಾಳೆಂದು ಕೆಳಗಿನವರಿಗೆ ಗೊತ್ತಾಗುವುದಿಲ್ಲ. ಅವಳು ಒಂದೇ ಕಾಲಿನ ಮೇಲೆ ನಿಲ್ಲುವ ಲಿಬರ್ಟಿಗೆ ಹೋದಾಗ ಇನ್ನೊಂದು ಸೇರಿಸಿಕೊಳ್ಳಿ: ಪಾಪ್ ಆದೊಡನೆ ಮಡಚಿದ ಕಾಲು ನಿಂತ ಕಾಲಿಗೆ ಬಂದು ಕೂಡಬೇಕು, ಇಲ್ಲದಿದ್ದರೆ ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ.

ಸ್ಪಾಟರ್ ಬದಲಾದ ದಿನ, ನೀವಿಬ್ಬರು ಎಷ್ಟೇ ಪಳಗಿದ್ದರೂ, ಭುಜಮಟ್ಟದಿಂದಲೇ ಶುರು ಮಾಡಿ. ನಿಮ್ಮ ಪಾಪ್‌ಗೆ ಅವಳು ಎಷ್ಟು ಎತ್ತರ ಹೋಗುತ್ತಾಳೆ, ಯಾವ ಕಡೆಗೆ ವಾಲುತ್ತಾಳೆ ಎನ್ನುವುದನ್ನು ಹೊಸಬರು ನಾಲ್ಕು ಸಲ ಕಣ್ಣಾರೆ ನೋಡಲಿ.