ಕಬ್ಬಿಣದ ಭಿಕ್ಷೆ

ಮೈಸೂರಿನಲ್ಲಿ ಜಾನಪದ ಪಾಠ ಮಾಡುವ ನನಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ: ‘ಸಾರ್, ನೀಲಗಾರರ ಪದದಲ್ಲಿ ಅಧ್ಯಾತ್ಮ ಎಲ್ಲಿದೆ? ಬರೀ ಕಥೆ ಅಲ್ವಾ?’

ಕಥೆಯೇ. ನೀಲಗಾರರು ಅಂದರೆ ಮಂಟೇಸ್ವಾಮಿ ಎಂಬ ಗುರುವಿನ ಪರಂಪರೆಯಲ್ಲಿ ದೀಕ್ಷೆ ಪಡೆದು, ಆ ಗುರು ಮತ್ತು ಶಿಷ್ಯರ ಕಥೆ ಹಾಡುವವರು. ತತ್ವಪದ ಹಾಡುವವರು ಒಗಟು ಹಾಕುತ್ತಾರೆ, ಬಿಡಿಸಿದರೆ ಅರ್ಥ ಸಿಗುತ್ತದೆ. ಮಂಟೇಸ್ವಾಮಿ ಕಾವ್ಯದಲ್ಲಿ ಆತ್ಮ, ಮಾಯೆ ಅಂತ ಹುಡುಕಿಕೊಂಡು ಕೂತರೆ ಕೈಗೆ ಜಾಸ್ತಿ ಹತ್ತುವುದಿಲ್ಲ. ಅಲ್ಲಿ ಯಾರು ಏನು ಮಾಡಿದರು ಅನ್ನುವುದನ್ನು ನೋಡಬೇಕು.

ಸಿದ್ದಪ್ಪಾಜಿಯನ್ನೇ ತಗೊಳ್ಳಿ. ಮದ್ದೂರು ಕಡೆಯ ನಿಡಘಟ್ಟದ ಆಚಾರರ ಮನೆ ಹುಡುಗ. ಮಂಟೇಸ್ವಾಮಿ ಹಟ ಹಿಡಿದು ಅವನನ್ನು ಶಿಷ್ಯನಾಗಿ ಪಡೆಯುತ್ತಾರೆ. ಆಮೇಲೆ ಒಂದು ಕೆಲಸ ಹೇಳುತ್ತಾರೆ: ಹಲಗೂರಿಗೆ ಹೋಗಿ ಕುಲುಮೆ ಕೆಲಸದ ಪಾಂಚಾಳರ ಹತ್ತಿರ ಭಿಕ್ಷೆ ತಾ. ಅಕ್ಕಿಯಲ್ಲ, ರಾಗಿಯಲ್ಲ, ಕಬ್ಬಿಣ. ಕುಲುಮೆ ಮುಂದೆ ಹುಟ್ಟಿದವನು ತನ್ನ ಕುಲದವರ ಕುಲುಮೆಗೇ ಹೋಗಿ ಕೈ ಒಡ್ಡಬೇಕು. ಗುರುತಿಲ್ಲದ ಊರಲ್ಲಿ ಬೇಡುವುದು ಹೇಗೋ ಆಗುತ್ತದೆ. ನೆಂಟರ ಬೀದಿಯಲ್ಲಿ ಬೇಡಿ ನೋಡಿ! ‘ನಾನು ಇಂಥವರ ಮಗ’ ಅನ್ನುವುದು ಮೊದಲನೇ ಬಾಗಿಲಲ್ಲೇ ಉದುರಿಹೋಗುತ್ತದೆ. ಪಾಂಚಾಳರು ಒಡ್ಡುವ ಪರೀಕ್ಷೆ, ಪವಾಡ ಎಲ್ಲ ಆಮೇಲಿನದು. ಜನಕ್ಕೆ ಅದೇ ಇಷ್ಟ. ನನಗೆ ಮಾತ್ರ ಆ ಬಾಗಿಲೇ ದೊಡ್ಡದು.

ಇನ್ನು ಹಾಡುವವರನ್ನು ನೋಡಿ. ತಂಬೂರಿ, ಗಗ್ಗರ, ಡಕ್ಕೆ, ತಾಳ, ಹೆಗಲಿಗೆ ಜೋಳಿಗೆ. ನೀಲಗಾರನ ದೀಕ್ಷೆಯಲ್ಲೇ ಭಿಕ್ಷೆ ಸೇರಿದೆ. ಅಂದರೆ ಸಿದ್ದಪ್ಪಾಜಿ ಬೇಡಿದ ಕಥೆಯನ್ನು ತಾನೂ ಬೇಡಿದವನೇ ಹಾಡುತ್ತಾನೆ. ಶಿವರಾತ್ರಿಯಿಂದ ಶುರುವಾಗುವ ಕಪ್ಪಡಿ ಜಾತ್ರೆಯಲ್ಲೋ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲೋ ಕೂತು ಕೇಳಿದರೆ ಇದು ಸುಮ್ನೆ ತಿಳಿಯುತ್ತದೆ. ನಾನು ಪಾಠದಲ್ಲಿ ಅರ್ಧ ಗಂಟೆ ಒದ್ದಾಡಿದರೂ ಅಷ್ಟು ತಿಳಿಸಲಾರೆ.

ಹಿಂದೆ ಒಂದು ವೇದಿಕೆ ಕಾರ್ಯಕ್ರಮಕ್ಕೆ ಒಂದು ಮೇಳ ಕರೆದುಕೊಂಡು ಹೋಗಿದ್ದೆ. ಹತ್ತೇ ನಿಮಿಷ ಟೈಮು. ‘ಭಿಕ್ಷೆ ಎಲ್ಲ ಬಿಟ್ಟು ಸೀದಾ ಪವಾಡಕ್ಕೆ ಬಂದುಬಿಡಿ ಅಜ್ಜ’ ಅಂದರು ಸಂಘಟಕರು. ಅಜ್ಜ ಆಗಲಿ ಅಂತ ತಲೆಯಾಡಿಸಿದರು. ತಂಬೂರಿ ಶ್ರುತಿ ಮಾಡಿಕೊಂಡು ಹಲಗೂರಿನ ದಾರಿಯಿಂದಲೇ ಶುರು ಮಾಡಿದರು. ಹತ್ತು ನಿಮಿಷ ಮುಗಿದು ಮೈಕ್ ಆಫ್ ಮಾಡಿದಾಗ ಸಿದ್ದಪ್ಪಾಜಿ ಇನ್ನೂ ಮೊದಲನೇ ಮನೆ ಮುಂದೆ ನಿಂತಿದ್ದ.