ಬಿ.ಫಾರ್ಮಾ ಓದುವವರಿಗೆ ಇಮ್ಯುನಾಲಜಿ ಯಾಕೆ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಬಿ.ಫಾರ್ಮಾ ಮೂರನೇ ವರ್ಷ ಓದುತ್ತಿದ್ದೇನೆ. ಆರನೇ ಸೆಮಿಸ್ಟರ್‌ನ ಬಯೋಟೆಕ್ನಾಲಜಿಯಲ್ಲಿ ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ಪಾಠ) ಬಂದಿದೆ. ಎಷ್ಟು ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ. ಇದು ಡಾಕ್ಟರ್ ಆಗುವವರ ವಿಷಯ ಅಲ್ವಾ? ನಮಗೆ ಯಾಕೆ?

ಉತ್ತರ: ಬೆಳಗಾವಿ, ವಿಜಯಪುರದ ಹುಡುಗರೂ ಇದನ್ನೇ ಕೇಳುತ್ತಾರೆ. ಪುಸ್ತಕ ಪಕ್ಕಕ್ಕಿಟ್ಟು ಮೊದಲು ಒಂದು ಆಸ್ಪತ್ರೆಯ ಔಷಧ ಕೋಣೆಗೆ ಹೋಗಿ ನೋಡಿ. ಅಲ್ಲಿ ರೇಬೀಸ್ ಲಸಿಕೆ ಇರುತ್ತದೆ. ಟೆಟನಸ್ ಚುಚ್ಚುಮದ್ದು, ಹಾವಿನ ವಿಷಕ್ಕೆ ಕೊಡುವ ಸೀರಮ್ ಇರುತ್ತವೆ. ಮೆಡಿಕಲ್ ಶಾಪಿನಲ್ಲಿ ದಿನಾ ಮಾರಾಟವಾಗುವ ಪ್ರೆಗ್ನೆನ್ಸಿ ಕಿಟ್ ಕೂಡ ಆಂಟಿಬಾಡಿಯಿಂದಲೇ (ಒಂದು ನಿರ್ದಿಷ್ಟ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಕೆಲಸ ಮಾಡುತ್ತದೆ. ಇವನ್ನು ಬರೆದುಕೊಡುವುದು ಡಾಕ್ಟರ ಕೆಲಸ. ತಯಾರಿಸುವುದು, ಪರೀಕ್ಷಿಸುವುದು, ಕೆಡದಂತೆ ಕಾಪಾಡುವುದು ಫಾರ್ಮಸಿ ಓದಿದವರ ಕೆಲಸ. ಹಾಗಾಗಿ ಇದು ನಿಮ್ಮದೇ ವಿಷಯ.

ನನ್ನ ಸಲಹೆ ಇಷ್ಟೇ. ಪಾಠವನ್ನು ಔಷಧದಿಂದ ಶುರು ಮಾಡಿ ಹಿಂದಕ್ಕೆ ಓದಿ. ಹಾವಿನ ಸೀರಮ್ಮನ್ನೇ ತೆಗೆದುಕೊಳ್ಳೋಣ. ಜೋಳದ ಹೊಲ, ಕಬ್ಬಿನ ಗದ್ದೆಗಳಿರುವ ನಮ್ಮ ಕಡೆ ಇದರ ಬೆಲೆ ಎಲ್ಲರಿಗೂ ಗೊತ್ತು. ನಮ್ಮ ದೇಶದಲ್ಲಿ ಸಿಗುವ ಸೀರಮ್ ನಾಲ್ಕು ಹಾವುಗಳ ವಿಷಕ್ಕೆ ಆಗುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕುದುರೆಗೆ ಈ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋಗುತ್ತಾರೆ. ಅದರ ರಕ್ತದಲ್ಲಿ ಆಂಟಿಬಾಡಿ ತುಂಬಿಕೊಳ್ಳುತ್ತದೆ. ಆಮೇಲೆ ಪ್ಲಾಸ್ಮಾ ತೆಗೆದು, ಅದರಲ್ಲಿನ ಆಂಟಿಬಾಡಿಯನ್ನು ಪೆಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸುತ್ತಾರೆ.

ಪೆಪ್ಸಿನ್ ಎಲ್ಲೋ ಓದಿದ ಹಾಗಿದೆ ಅಲ್ವಾ? ಇಮ್ಯುನೋಗ್ಲೋಬ್ಯುಲಿನ್, ಅಂದರೆ ಆಂಟಿಬಾಡಿಯ, ರಚನೆಯ ಪಾಠದಲ್ಲಿ ಬರುವುದೂ ಇದೇ. ಆಂಟಿಬಾಡಿ Y ಆಕಾರದ್ದು. ಪಪೈನ್ ಎಂಬ ಕಿಣ್ವ ಕತ್ತರಿಸಿದರೆ ಎರಡು ಫ್ಯಾಬ್ ತುಂಡು (ತೋಳುಗಳು), ಒಂದು ಎಫ್‌ಸಿ ತುಂಡು (ಬುಡ). ಪೆಪ್ಸಿನ್ ಕತ್ತರಿಸಿದರೆ ಎರಡೂ ತೋಳು ಕೂಡಿಕೊಂಡೇ ಉಳಿಯುತ್ತವೆ, ಎಫ್‌ಸಿ ಭಾಗ ಚೂರುಚೂರಾಗುತ್ತದೆ. ವಿಷವನ್ನು ಹಿಡಿಯುವುದು ತೋಳುಗಳು. ಎಫ್‌ಸಿ ಹೋದರೆ ರೋಗಿಗೆ ರಿಯಾಕ್ಷನ್ ಆಗುವ ಸಾಧ್ಯತೆಯೂ ಕಡಿಮೆ. ಬಾಯಿಪಾಠ ಮಾಡಿದ ಆ ಎರಡು ಸಾಲು ಒಂದು ವೈಲ್ ಔಷಧದ ತಯಾರಿಕೆಯ ವಿಧಾನವೇ ಆಗಿದೆ.

ಆದರೂ ಅದು ಕುದುರೆಯ ಪ್ರೋಟೀನ್ ತಾನೇ? ಕೊಟ್ಟ ಕೂಡಲೇ ಉಸಿರಾಟದ ತೊಂದರೆ ಬರಬಹುದು. ಅದಕ್ಕೇ ಅಡ್ರಿನಾಲಿನ್ ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು. ಒಂದೆರಡು ವಾರದ ನಂತರ ಜ್ವರ, ತುರಿಕೆ, ಕೀಲುನೋವು ಬಂದರೆ ಅದು ಸೀರಮ್ ಸಿಕ್‌ನೆಸ್. ಅದು ಹೈಪರ್‌ಸೆನ್ಸಿಟಿವಿಟಿಯ (ರೋಗನಿರೋಧಕ ವ್ಯವಸ್ಥೆಯ ಅತಿಯಾದ ಪ್ರತಿಕ್ರಿಯೆ) ನಾಲ್ಕು ಬಗೆಗಳಲ್ಲಿ ಮೂರನೆಯದು. ಮೊದಲನೇ ಬಗೆಗೆ ಪೆನಿಸಿಲಿನ್ ಅಲರ್ಜಿ, ಎರಡನೇ ಬಗೆಗೆ ರಕ್ತದೊತ್ತಡದ ಔಷಧ ಮೀಥೈಲ್‌ಡೋಪಾದಿಂದ ರಕ್ತಕಣ ಒಡೆಯುವುದು, ನಾಲ್ಕನೇ ಬಗೆಗೆ ಕ್ಷಯರೋಗ ಪತ್ತೆಗೆ ಚರ್ಮದಲ್ಲಿ ಮಾಡುವ ಮಾಂಟೂ ಟೆಸ್ಟ್ ನೆನಪಿಟ್ಟುಕೊಳ್ಳಿ. ನಾಲ್ಕೂ ಮುಗಿಯಿತು.

ಇನ್ನೊಂದು ಮಾತು. ಮಗುವಿಗೂ ದೊಡ್ಡವರಿಗೂ ಹಾವಿನ ಸೀರಮ್ ಡೋಸ್ ಒಂದೇ. ತೂಕಕ್ಕೆ ತಕ್ಕ ಡೋಸ್ ಲೆಕ್ಕ ಮಾಡಿ ರೂಢಿಯಾದ ನಮಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ಸೀರಮ್ ತಟಸ್ಥ ಮಾಡಬೇಕಾದದ್ದು ಒಳಗೆ ಸೇರಿದ ವಿಷವನ್ನು. ಹಾವು ಕಚ್ಚುವಾಗ ವಯಸ್ಸು ನೋಡುವುದಿಲ್ಲ.

ನಾಯಿ ಕಚ್ಚಿದವರ ಕಡೆಯವರು ಕೌಂಟರ್‌ನಲ್ಲಿ ಕೇಳುತ್ತಾರೆ, ‘ಎರಡೆರಡು ಸೂಜಿ ಯಾಕ್ರೀ?’ ಆ್ಯಕ್ಟಿವ್, ಪ್ಯಾಸಿವ್ ಇಮ್ಯುನಿಟಿ ಅರ್ಥವಾಗಿದ್ದರೆ ಉತ್ತರ ಸುಲಭ. ಲಸಿಕೆಯಿಂದ ನಮ್ಮ ದೇಹವೇ ಆಂಟಿಬಾಡಿ ಮಾಡಿಕೊಳ್ಳುತ್ತದೆ (ಆ್ಯಕ್ಟಿವ್). ಅದಕ್ಕೆ ಒಂದು ವಾರವೋ ಇನ್ನೂ ಜಾಸ್ತಿಯೋ ಬೇಕು. ಅಲ್ಲಿಯವರೆಗೆ ಕಾಯಲು ಆಗದ ಗಾಯಕ್ಕೆ ಸಿದ್ಧ ಆಂಟಿಬಾಡಿಯನ್ನು ಗಾಯದ ಸುತ್ತಲೇ ಚುಚ್ಚುತ್ತಾರೆ (ಪ್ಯಾಸಿವ್). ಇದನ್ನು ತಿಳಿಸಿ ಹೇಳಿದರೆ ಮುಂದಿನ ಡೋಸ್‌ಗೆ ಜನ ತಪ್ಪದೇ ಬರುತ್ತಾರೆ. ರೇಬೀಸ್ ವಿಷಯದಲ್ಲಿ ಅದು ಜೀವದ ಪ್ರಶ್ನೆ.

ಈಗ ಶೇಖರಣೆ. ಪರೀಕ್ಷೆಗೆ ಎಲ್ಲರೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಎಂದು ಬರೆಯುತ್ತಾರೆ. ಬಿಸಿಗೆ ಲಸಿಕೆ ಕೆಡುವುದು ಎಲ್ಲರಿಗೂ ಗೊತ್ತು. ಆದರೆ ಡಿಪಿಟಿ, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಅವುಗಳಲ್ಲಿರುವ ಅಲ್ಯುಮಿನಿಯಂ ಲವಣ ಗಂಟುಗಟ್ಟುತ್ತದೆ. ಮೇ ತಿಂಗಳ ವಿಜಯಪುರದ ಬಿಸಿಲಿಗೆ ಹೆದರಿ ಫ್ರಿಜ್‌ನ ಥಂಡಿ ಸುಮ್ನೆ ಜಾಸ್ತಿ ಮಾಡಿದರೆ ಲಸಿಕೆ ಹಾಳು. ಹಾಳಾದದ್ದು ಹೊರಗಿನಿಂದ ಗೊತ್ತಾಗುವುದೂ ಕಷ್ಟ.

ಬೆಳಗಾವಿಯವರಿಗೆ ವ್ಯಾಕ್ಸಿನ್ ಡಿಪೋ ಮೈದಾನ ಗೊತ್ತು. ಆ ಹೆಸರು ಬಂದದ್ದು ಲಸಿಕಾ ಸಂಸ್ಥೆಯಿಂದ. ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಹಿಂದೆ ದ್ರವರೂಪದಲ್ಲಿದ್ದ ಸಿಡುಬಿನ ಲಸಿಕೆ ನಮ್ಮ ಬಿಸಿಲಿಗೆ ಬೇಗ ಕೆಡುತ್ತಿತ್ತು. ಹೆಪ್ಪುಗಟ್ಟಿಸಿ ಒಣಗಿಸಿದ ಲಸಿಕೆ 37 ಡಿಗ್ರಿಯಲ್ಲೂ ಒಂದು ತಿಂಗಳು ತಡೆಯುತ್ತಿತ್ತು. ಅಂಥ ಲಸಿಕೆ ತಯಾರಿಸಿದ ದೇಶದ ಕೆಲವೇ ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡಿತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತ ಎಂಬ ಘೋಷಣೆ ಬಂತು. ಹಳ್ಳಿಹಳ್ಳಿಗೆ ಲಸಿಕೆ ಕೆಡದೆ ಮುಟ್ಟಿದ್ದರ ಹಿಂದೆ ನೀವು ಫಾರ್ಮಾಸ್ಯೂಟಿಕ್ಸ್‌ನಲ್ಲಿ ಓದುವ ಫ್ರೀಜ್ ಡ್ರೈಯಿಂಗ್ ಇದೆ. ನನಗಂತೂ ಇದು ಫಾರ್ಮಸಿಯವರೆಲ್ಲ ಹೆಮ್ಮೆಪಡಬೇಕಾದ ವಿಷಯ.

ಹೈಬ್ರಿಡೋಮಾ ಪಾಠವನ್ನು ಚಿತ್ರ ಬರೆದು ಕಲಿಯಿರಿ. ಆಂಟಿಬಾಡಿ ಮಾಡುವ ಇಲಿಯ ಕಣವನ್ನು, ಸಾಯದೆ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಕಣದ ಜತೆ ಕೂಡಿಸುವುದು ಅದರ ತಿರುಳು. ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ ಇದನ್ನು 1975ರಲ್ಲಿ ಮಾಡಿ ತೋರಿಸಿದರು, 1984ರಲ್ಲಿ ನೊಬೆಲ್ ಪಡೆದರು. ಟ್ರಾಸ್ಟುಜುಮ್ಯಾಬ್, ರಿಟುಕ್ಸಿಮ್ಯಾಬ್‌ನಂಥ ಕ್ಯಾನ್ಸರ್ ಔಷಧಗಳು ಈ ದಾರಿಯಲ್ಲೇ ಬಂದವು.

ಎಂಎಚ್‌ಸಿ (ಕಣದ ಮೇಲಿದ್ದು ಆಂಟಿಜನ್ ತೋರಿಸುವ ಪ್ರೋಟೀನ್) ಕಷ್ಟವೇ, ಒಪ್ಪುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಅದರ ಮೊದಲನೇ ವರ್ಗ ಸಿಡಿ8 ಎಂಬ ರಕ್ಷಣಾ ಕಣಗಳಿಗೆ, ಎರಡನೇ ವರ್ಗ ಸಿಡಿ4 ಎಂಬ ರಕ್ಷಣಾ ಕಣಗಳಿಗೆ ಆಂಟಿಜನ್ (ಅವು ಗುರುತಿಸುವ ವಸ್ತುವಿನ ತುಣುಕು) ತೋರಿಸುತ್ತದೆ. ಕಿಡ್ನಿ ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ಯಾಕೆ ಕೊಡುತ್ತಾರೆ ಎಂದು ಓದುವಾಗ ಉಳಿದದ್ದು ತಾನಾಗಿ ಬರುತ್ತದೆ. ಆ ಪಾಠ ಅದೇ ಸೆಮಿಸ್ಟರ್‌ನ ಫಾರ್ಮಕಾಲಜಿಯಲ್ಲಿದೆ. ಎರಡನ್ನೂ ಒಂದೇ ವಾರದಲ್ಲಿ ಓದಿ.