ಲಸಿಕೆ ಸರಿ, ಆದರೆ ಯಾವ ವಾರ?

"ಡಾಕ್ಟ್ರೇ, ಫ್ಲೂ ಇಂಜೆಕ್ಷನ್ ತಗೊಂಡ್ರೆ ಕೀಲು ಮತ್ತೆ ಊದಿಕೊಳ್ಳಲ್ವಾ?" ರುಮಟಾಯ್ಡ್ ಸಂಧಿವಾತ ಇರುವವರು ತುಂಬ ಸಲ ಕೇಳುವ ಪ್ರಶ್ನೆ ಇದು. ಭಯ ಸಹಜ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಅದನ್ನು ಮತ್ತೆ ಯಾಕೆ ಕೆಣಕಬೇಕು ಅನ್ನಿಸುತ್ತದೆ. ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು. ಕೆಲವರಿಗೆ ಕೀಲುನೋವೂ ಹೆಚ್ಚುತ್ತದೆ. ಸಾಮಾನ್ಯವಾಗಿ ಅದು ಬೇಗ ಇಳಿಯುತ್ತದೆ. ಫ್ಲೂ ಬಂದು ನ್ಯುಮೋನಿಯಾಕ್ಕೆ ತಿರುಗಿದರೆ ಕಷ್ಟ ಬೇರೆ: ಸಂಧಿವಾತದ ಔಷಧಿಗಳನ್ನೇ ಕೆಲ ದಿನ ನಿಲ್ಲಿಸಬೇಕಾಗುತ್ತದೆ, ಕೀಲು ಆಗಲೇ ಕೆರಳುವುದು. ಹಾಗಾಗಿ ನಾನು ಲಸಿಕೆಯ ಪರ. ಚರ್ಚೆ ಇರುವುದು ದಿನ ಗೊತ್ತುಮಾಡುವುದರಲ್ಲಿ.

ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಮಾತ್ರೆ ಲಸಿಕೆಯ ಬಲವನ್ನು ಸ್ವಲ್ಪ ತಗ್ಗಿಸುತ್ತದೆ. ದಕ್ಷಿಣ ಕೊರಿಯಾದ ವೈದ್ಯರು ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ಲೂ ಲಸಿಕೆಯ ನಂತರ ಎರಡು ವಾರ ಈ ಮಾತ್ರೆ ಬಿಟ್ಟವರಲ್ಲಿ ಸುಮಾರು ಶೇ 75 ಮಂದಿಯ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸಿತು. ಬಿಡದವರಲ್ಲಿ ಅದು ಸುಮಾರು ಶೇ 55. ಕಾಯಿಲೆ ಹತೋಟಿಯಲ್ಲಿದ್ದರೆ ನಾವು ಹೀಗೆ ಎರಡು ವಾರದ ಡೋಸ್ ಬಿಡಿಸುತ್ತೇವೆ. ಅದೂ ಲಸಿಕೆಯ ನಂತರ, ಮೊದಲಲ್ಲ. ಅದೂ ಫ್ಲೂ ಲಸಿಕೆಗೆ ಮಾತ್ರ. ನ್ಯುಮೋನಿಯಾ ಲಸಿಕೆಗೆ ಮಾತ್ರೆ ಬಿಡಬೇಕಿಲ್ಲ. ಇದನ್ನು ಅರ್ಧ ಕೇಳಿಸಿಕೊಂಡು ಸುಮ್ನೆ ಎರಡು ತಿಂಗಳು ಎಲ್ಲ ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಸ್ಟೀರಾಯ್ಡನ್ನಂತೂ ದಿಢೀರನೆ ಬಿಡಲೇಬೇಡಿ, ಅಪಾಯ.

ಸಂಧಿವಾತಕ್ಕೇ ಕೊಡುವ ಇನ್ನೊಂದು ಔಷಧಿ ರಿಟುಕ್ಸಿಮ್ಯಾಬ್ ಪಡೆಯುವವರ ಲೆಕ್ಕ ಬೇರೆ. ಫ್ಲೂ ಲಸಿಕೆಯನ್ನು ಅದರ ಕಾಲಕ್ಕೆ ಹಾಕಿಸಿಕೊಳ್ಳಿ. ಉಳಿದ ಲಸಿಕೆಗಳನ್ನು ರಿಟುಕ್ಸಿಮ್ಯಾಬ್‌ನ ಮುಂದಿನ ಡೋಸ್ ಹತ್ತಿರ ಬಂದಾಗ ಹಾಕಿಸಿ, ಆ ಡೋಸನ್ನು ಕನಿಷ್ಠ ಎರಡು ವಾರ ಮುಂದಕ್ಕೆ ಹಾಕುತ್ತೇವೆ. ಸಂಧಿವಾತಕ್ಕೆ ಟೊಫಾಸಿಟಿನಿಬ್ ಎಂಬ ಮಾತ್ರೆ ನುಂಗುವವರಿಗೆ ಸರ್ಪಸುತ್ತಿನ ಕಾಟ ಜಾಸ್ತಿ. ಅದಕ್ಕೆ ಎರಡು ಡೋಸ್‌ನ ಲಸಿಕೆ 2023ರಿಂದ ಭಾರತದಲ್ಲಿ ಸಿಗುತ್ತಿದೆ. ಅದರಲ್ಲಿ ಜೀವಂತ ವೈರಸ್ ಇಲ್ಲ, ಬೆಲೆ ಮಾತ್ರ ದುಬಾರಿ. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗದಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳಿ. ನಿಮ್ಮ ಔಷಧಿ, ವಯಸ್ಸು ನೋಡಿ ಯಾವುದು ಮೊದಲು ಅಂತ ಹೇಳಬಹುದು.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಕ್ಕಳು. ಸಂಧಿವಾತದ ಫೈಲು ಬೆಂಗಳೂರಿನಲ್ಲಿ, ಹೆರಿಗೆ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಕ್ಷಯ ತಡೆಯುವ ಬಿಸಿಜಿ ಹಾಕುತ್ತಾರೆ. ಅದು ಜೀವಂತ ಲಸಿಕೆ, ಅಂದರೆ ಬಲ ಕುಗ್ಗಿಸಿದ ಜೀವಂತ ರೋಗಾಣು ಇರುವಂಥದ್ದು. ತಾಯಿ ಬಸಿರಿನ ಕೊನೆಯ ತಿಂಗಳುಗಳಲ್ಲಿ ಸಂಧಿವಾತಕ್ಕೆ ಕೊಡುವ ಅಡಾಲಿಮುಮ್ಯಾಬ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಪಡೆದಿದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಆ ಔಷಧಿ ಮಾಸಿನ ಮೂಲಕ ಮಗುವಿನ ರಕ್ತಕ್ಕೂ ಹೋಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಕರುಳಿನ ಕ್ರೋನ್ಸ್ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್ ಪಡೆದಿದ್ದ ಬ್ರಿಟನ್ನಿನ ತಾಯಿಯೊಬ್ಬರ ಮಗು, ಬಿಸಿಜಿ ಸೋಂಕು ಮೈಗೆಲ್ಲ ಹರಡಿ ತೀರಿಕೊಂಡ ಪ್ರಕರಣ 2010ರಲ್ಲಿ ವರದಿಯಾಯಿತು. ಇಂಥ ಮಕ್ಕಳಿಗೆ ಬಿಸಿಜಿಯನ್ನು ಕನಿಷ್ಠ ಆರು ತಿಂಗಳು ಮುಂದೂಡುತ್ತೇವೆ. ಹಾಗಂತ ಎಲ್ಲ ಲಸಿಕೆ ನಿಲ್ಲಿಸುವುದಲ್ಲ. ಹೆಪಟೈಟಿಸ್ ಬಿಯಂಥ ನಿರ್ಜೀವ ಲಸಿಕೆಗಳು ಸಮಯಕ್ಕೆ ಸರಿಯಾಗಿ ಆಗಬೇಕು. ಬಾಯಿಗೆ ಹಾಕುವ ಹನಿಗಳ ಬಗ್ಗೆ ಮಕ್ಕಳ ವೈದ್ಯರ ಹತ್ತಿರ ಕೇಳಿ. ತವರಿಗೆ ಹೊರಡುವ ಮುಂಚೆ ಯಾವ ಔಷಧಿ, ಕೊನೆಯ ಡೋಸ್ ಯಾವತ್ತು ಅಂತ ನಮ್ಮಿಂದ ಒಂದು ಚೀಟಿ ಬರೆಸಿಕೊಳ್ಳಿ. ನಿಮ್ಮ ಅಮ್ಮನ ಕೈಗೂ ಅದರ ಒಂದು ಪ್ರತಿ ಕೊಡಿ. ಹೆರಿಗೆಯ ಗಡಿಬಿಡಿಯಲ್ಲಿ ನರ್ಸ್ ಮಾತಾಡುವುದು ಅವರ ಜೊತೆಗೇ ಅಲ್ವಾ.

ಇನ್ನು ಕೀನ್ಯಾದಂಥ ದೇಶಗಳಿಗೆ ಹೊರಡುವವರು. ಹಳದಿ ಜ್ವರದ ಲಸಿಕೆಯೂ ಜೀವಂತ. ಅದಕ್ಕಾಗಿ ಮೆಥೋಟ್ರೆಕ್ಸೇಟನ್ನು ಹಿಂದೆ ನಾಲ್ಕು ವಾರ, ಮುಂದೆ ನಾಲ್ಕು ವಾರ ಬಿಡಬೇಕು. ಅಷ್ಟು ದಿನ ಬಿಡಲು ಎಲ್ಲರಿಗೂ ಆಗುವುದಿಲ್ಲ. ಈ ಲಸಿಕೆ ಹಾಕಿಸಲಾಗದು ಅಂತ ವಿನಾಯಿತಿ ಪತ್ರ ಬರೆದುಕೊಡಬಹುದು, ಆದರೆ ಆ ಜ್ವರ ಹರಡುವ ಸೊಳ್ಳೆಗೆ ಅದು ಲೆಕ್ಕಕ್ಕಿಲ್ಲ. ಟಿಕೆಟ್ ಮಾಡಿಸುವ ಮೊದಲೇ ಬಂದು ಕೇಳಿ.